ಉಮ್ಮ ಮರೆತ ಮಾತು

ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಲ್ಲಿ ಪುತ್ತೂರಿನಿಂದ ಕಡಬಕ್ಕೆ ಬಸ್ಸಿನಲ್ಲಿ ಹೋಗಬೇಕಾಯಿತು. ಹಳೆಯ ವಿದ್ಯಾರ್ಥಿನಿಯೊಬ್ಬಳ ಮಗಳ ಮದುವೆ. ಮಧ್ಯಾಹ್ನದ ಸೆಕೆಗೆ ಕಿಟಕಿಗಳೆಲ್ಲ ತೆರೆದೇ ಇದ್ದವು. ಪೇಟೆ ದಾಟಿ ಗುಡ್ಡದ ಬದಿಯ ತಿರುವಿಗೆ ಬಂದಾಗ ಗೇರುಹಣ್ಣಿನ ವಾಸನೆ ಒಳಗೆ ನುಗ್ಗಿತು. ಬೀಜ ತಿರುಚಿಕೊಂಡು ಮರದ ಬುಡದಲ್ಲೇ ಬಿಟ್ಟ ಹಣ್ಣು ಬಿಸಿಲಿಗೆ ಕೊಳೆತು ಬರುವ ವಾಸನೆ. ಮೊದಲು ಸಿಹಿ, ಆಮೇಲೆ ಗಂಟಲಲ್ಲಿ ಕೆರೆತ. ಪಕ್ಕದಲ್ಲಿದ್ದ ಹುಡುಗಿ ಶಾಲಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಮಾತ್ರ ಅರವತ್ತರ ದಶಕದ ಆರಂಭದ ಒಂದು ಬೇಸಿಗೆ ಇಡಿಯಾಗಿ ಎದುರು ಬಂದು ಕುಳಿತಂತಾಯಿತು. ಆ ಬೇಸಿಗೆಯಲ್ಲಿ ಇದೇ ದಾರಿಯಲ್ಲಿ, ಇದೇ ವಾಸನೆಯಲ್ಲಿ, ನಾನು ಭಾನುವಾರ ಭಾನುವಾರ ಕಡಬಕ್ಕೆ ಹೋಗುತ್ತಿದ್ದೆ.

ನಾನಾಗ ಪುತ್ತೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಟೀಚರು. ಬಿ.ಎ. ಮುಗಿದಿತ್ತು. ಎಂ.ಎ.ಯನ್ನು ಖಾಸಗಿಯಾಗಿ ಕಟ್ಟಿದ್ದೆ. ಹಳಗನ್ನಡ, ಛಂದಸ್ಸು, ಸಾಹಿತ್ಯ ಚರಿತ್ರೆ ಹೇಗೋ ಮನೆಯಲ್ಲೇ ಓದಿ ಬರೆಯಬಹುದಿತ್ತು. ಭಾಷಾಶಾಸ್ತ್ರದ ಪೇಪರು ಮಾತ್ರ ನಮ್ಮಂಥವರಿಗೆ ಕಬ್ಬಿಣದ ಕಡಲೆ. ಅದನ್ನು ಹೇಳಿಕೊಡುವವರು ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಎಲ್ಲ ಪೇಪರೂ ಮುಗಿಸಿ ಅದೊಂದರಲ್ಲೇ ವರ್ಷಗಟ್ಟಲೆ ಸಿಕ್ಕಿಬಿದ್ದ ಮಾಸ್ಟ್ರುಗಳು ನನಗೆ ಗೊತ್ತಿದ್ದರು.

ಅಂಥ ಹೊತ್ತಿಗೆ ಘಟ್ಟದ ಮೇಲಿನ ವಿಶ್ವವಿದ್ಯಾನಿಲಯವೊಂದು ಆ ವರ್ಷದ ಬೇಸಿಗೆಯ ಭಾಷಾಶಾಸ್ತ್ರ ತರಗತಿಯನ್ನು ಪುತ್ತೂರಿನಲ್ಲೇ ನಡೆಸುತ್ತದೆ ಎಂಬ ಸುದ್ದಿ ಬಂತು. ಸುಳ್ಯ, ಕಡಬ ಎಲ್ಲ ಆಗ ಪುತ್ತೂರು ತಾಲೂಕಿಗೇ ಸೇರಿದ್ದವು. ಒಂದೇ ತಾಲೂಕಿನೊಳಗೆ ತುಳು, ಅರೆಭಾಷೆ, ಇಲ್ಲಿಯ ಮುಸ್ಲಿಮರಾಡುವ ಬ್ಯಾರಿ, ಮಲಯಾಳ, ಕೊಂಕಣಿ ಎಲ್ಲ ಸಿಗುತ್ತವೆ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಎಂದು ಅಲ್ಲಿಯವರಿಗೆ ಕಂಡಿತ್ತಂತೆ. ಬಿ.ಎ. ಆಗಿರಬೇಕು, ಮುಖ್ಯೋಪಾಧ್ಯಾಯರ ಒಪ್ಪಿಗೆ ಬೇಕು, ಸಂದರ್ಶನದಲ್ಲಿ ಆಯ್ಕೆಯಾಗಬೇಕು. ತರಗತಿಗಳಿಗೆ ತಪ್ಪದೆ ಹಾಜರಾಗಿ, ಆಮೇಲೆ ಒಂದು ಆಡುಮಾತನ್ನು ಅದನ್ನಾಡುವ ಒಬ್ಬರ ಬಾಯಿಂದಲೇ ಸಂಗ್ರಹಿಸಿ, ಅದರ ಮೇಲೆ ವರದಿ ಬರೆದು, ಮೌಖಿಕ ಪರೀಕ್ಷೆ ದಾಟಿದವರಿಗೆ ಎಂ.ಎ.ಯ ಆ ಪೇಪರು ಆದಂತೆಯೇ ಲೆಕ್ಕ.

ಅಪ್ಪ ಒಪ್ಪಿದರು. “ಇಲ್ಲೇ ಅಲ್ವಾ, ಬೆಳಿಗ್ಗೆ ಹೋಗಿ ಸಂಜೆ ಬರುದು. ಅದಕ್ಕೆಂತ?” ಎಂದರು.

ಆಯ್ಕೆಯ ದಿನ ರಜೆಗೆ ಮುಚ್ಚಿದ್ದ ಒಂದು ಹೈಸ್ಕೂಲಿನ ಜಗಲಿಯಲ್ಲಿ ನಾವೆಲ್ಲ ಸಾಲಾಗಿ ನಿಂತಿದ್ದೆವು. ನನ್ನ ಮುಂದೆ ಬಿಳಿ ಪಂಚೆ, ಬಿಳಿ ಅಂಗಿಯ ತೆಳ್ಳಗಿನ ಒಬ್ಬರಿದ್ದರು. ಕಡಬದ ಶಾಲೆಯ ಇಬ್ರಾಹಿಂ ಮಾಸ್ಟ್ರು. ಹೆಸರು ಕೇಳಿ ಗೊತ್ತಿತ್ತು. ಭಾಷಾಶಾಸ್ತ್ರದಲ್ಲಿ ಎರಡು ಸಲ ಪೇಲಾದವರಲ್ಲಿ ಅವರೂ ಒಬ್ಬರು. ಮೇಜಿನ ಹಿಂದೆ ಕುಳಿತಿದ್ದ ಗುಮಾಸ್ತರು ಅವರ ಅರ್ಜಿ ನೋಡಿ ಹುಬ್ಬು ಗಂಟಿಕ್ಕಿದರು.

“ಮಾತೃಭಾಷೆ ಅಂತ ಇರೋ ಕಡೆ ಇದೇನ್ರೀ ಬರ್ದಿರೋದು? ಬ್ಯಾರಿ ಅಂದ್ರೆ ಜಾತಿ ಅಲ್ವೇನ್ರೀ? ಮಲಯಾಳ ಅಂತ ತಿದ್ದಿ.”

“ಮಲಯಾಳ ಅಲ್ಲ ಸಾರ್. ನಮ್ಮ ಮನೆಯಲ್ಲಿ ಮಾತಾಡುದು ಬ್ಯಾರಿಯೇ.”

“ಹಾಗೊಂದು ಭಾಷೆ ನಮ್ಮ ಪಟ್ಟೀಲಿಲ್ಲ. ತಿದ್ದದೆ ಹೋದ್ರೆ ತೆಗೆದಿಡ್ತೀನಿ.”

ಇಬ್ರಾಹಿಂ ಮಾಸ್ಟ್ರು ತಿದ್ದಲಿಲ್ಲ, ಜಗಳವನ್ನೂ ಆಡಲಿಲ್ಲ. ಪೆನ್ನು ಮುಚ್ಚಿ ಜೇಬಿಗೆ ಹಾಕಿ ಸುಮ್ಮನೆ ನಿಂತರು. ಹಿಂದಿನವರು ಗೊಣಗತೊಡಗಿದಾಗ ಒಳಗಿನಿಂದ ಪ್ರೊಫೆಸರರು ಹೊರಗೆ ಬಂದರು. ಕುಳ್ಳಗಿನ, ಬೋಳುತಲೆಯ, ಯಾವಾಗಲೂ ಬೆವರು ಒರೆಸಿಕೊಳ್ಳುತ್ತಿದ್ದ ಮನುಷ್ಯ. ಅರ್ಜಿ ಓದಿ ನಕ್ಕರು.

“ಇರ್ಲಿ ಬಿಡಿ. ಅದು ಮಲಯಾಳವೋ, ತುಳುವೋ, ತನ್ನದೇ ಇನ್ನೊಂದೋ ಅನ್ನೋದನ್ನ ಬೇಸಿಗೆ ಮುಗಿಯೋ ಹೊತ್ತಿಗೆ ಇವರೇ ನನಗೆ ಹೇಳ್ಲಿ.”

ಹೀಗೆ ಅವರಿಗೆ ಪ್ರವೇಶ ಸಿಕ್ಕಿತು. ಆ ದಿನ ಬಸ್ ಸ್ಟ್ಯಾಂಡಿನವರೆಗೆ ನಾವು ಮಾತಾಡುತ್ತಾ ಹೋದೆವು. ಪುತ್ತೂರಿನ ಕಡೆ ಹೊಸ ಕಾಲೇಜು ಆಗುವ ಮಾತಿತ್ತು, ಎಂ.ಎ. ಆದರೆ ತನಗಲ್ಲೊಂದು ಕೆಲಸ ಸಿಕ್ಕೀತು ಎಂದರು. ಆಮೇಲೆ ತಗ್ಗಿದ ಸ್ವರದಲ್ಲಿ, “ಅದಕ್ಕಿಂತ ಹೆಚ್ಚು, ಆ ಪಟ್ಟಿಯಲ್ಲಿ ಒಂದು ಹೆಸರು ಸೇರ್ಬೇಕು ಅಂತ ಉಂಟು ಟೀಚರ್” ಎಂದರು.

ತರಗತಿ ಶುರುವಾಯಿತು. ಹಂಚಿನ ಮಾಡು ಕಾದು ತಲೆಯ ಮೇಲೆ ಬೆಂಕಿ ಸುರಿಯುತ್ತಿತ್ತು. ಬಾವಿಯ ನೀರು ತಳ ಕಂಡಿತ್ತು. ಆ ಸೆಕೆಯಲ್ಲಿ ಪ್ರೊಫೆಸರರು ನಮಗೆ ನಾಲಿಗೆ ಎಲ್ಲಿ ತಾಗುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ ಎಂದು ಕಲಿಸಿದರು. ಹುಟ್ಟಿದಾಗಿನಿಂದ ಆಡುತ್ತಿದ್ದ ಮಾತನ್ನು ಮೊದಲ ಬಾರಿಗೆ ಕಿವಿಗೊಟ್ಟು ಕೇಳಿದ ಕಾಲ ಅದು. ನಾನು ಸುಳ್ಯದ ಅಜ್ಜಾವರದಲ್ಲಿದ್ದ ನನ್ನ ಗೆಳತಿಯ ಅತ್ತೆಯಿಂದ ಅರೆಭಾಷೆ ಸಂಗ್ರಹಿಸುವುದೆಂದು ಗೊತ್ತು ಮಾಡಿಕೊಂಡೆ. ಇಬ್ರಾಹಿಂ ಮಾಸ್ಟ್ರು ತನ್ನ ತಾಯಿಯನ್ನೇ ಆರಿಸಿಕೊಂಡರು.

ಅಲ್ಲೊಂದು ತೊಡಕು ಬಂತು. ಹೆರಿಗೆ, ಬಾಣಂತನ, ಹೆಂಗಸರ ಹಾಡು, ಬೈಗುಳ, ಇವನ್ನೆಲ್ಲ ತಾಯಿ ಮಗನ ಮುಂದೆ ಹೇಳಲು ಒಪ್ಪಲಿಲ್ಲ. ಪ್ರೊಫೆಸರರು ನನ್ನ ಕಡೆ ನೋಡಿ, “ನೀವೊಬ್ರು ಜೊತೆಗೆ ಹೋಗಿ ಬರ್ತೀರೇನಮ್ಮ?” ಎಂದು ಕೇಳಿದರು. ನನ್ನ ಭಾನುವಾರಗಳು ಹೀಗೆ ಕಡಬದ ಪಾಲಾದವು.

ಮನೆ ಪೇಟೆಯಿಂದ ಸ್ವಲ್ಪ ಒಳಗೆ. ಇಬ್ರಾಹಿಮರ ತಂದೆ ಸಂತೆಗಳಲ್ಲಿ ಬಟ್ಟೆ ಮಾರುತ್ತಿದ್ದವರು, ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿ ತಾಯಿ ಬೀಪಾತುಮ್ಮ, ಇನ್ನೂ ಮದುವೆಯಾಗದ ತಂಗಿ ಜೈನಬು ಮತ್ತು ಇವರು, ಮೂವರೇ. ಬೀಪಾತುಮ್ಮ ಎತ್ತರದ ಗಟ್ಟಿ ಹೆಂಗಸು. ಮಾತಿನ ಮಲ್ಲಿ. ಬಿಳಿ ಕುಪ್ಪಸದ ತೋಳು ಮೇಲೆ ಸರಿಸಿ ಮೀನು ಕೊಯ್ಯುತ್ತಾ, ಮಗನಿಗೆ ಬೈಯುತ್ತಾ, ತನ್ನ ಮಾತಿಗೆ ತಾನೇ ನಗುತ್ತಾ ಇರುತ್ತಿದ್ದರು. ಇಬ್ರಾಹಿಂ ಬರೆದುಕೊಳ್ಳುವುದನ್ನು ನೋಡಿ ಒಮ್ಮೆ ಏನೋ ಹೇಳಿದರು. ಜೈನಬು ನಗು ತಡೆಯಲಾರದೆ ನನಗೆ ಕನ್ನಡದಲ್ಲಿ ಹೇಳಿದಳು. “ಸಣ್ಣದಿರುವಾಗ ನನ್ನ ಒಂದು ಮಾತು ಕೇಳದವ ಈಗ ಬರ್ಕೊಂಡು ಕೇಳ್ತಾನೆ, ನೋಡು ಅಂತ ಹೇಳಿದ್ದು ಉಮ್ಮ.”

ನನ್ನ ಹತ್ತಿರ ಅವರು ಮಾತಾಡುತ್ತಿದ್ದುದು ತುಳುವಿನಲ್ಲಿ. ಅವರ ತವರು ಸುಳ್ಯದಿಂದಾಚೆ, ಕೇರಳದ ಗಡಿಯ ಕಡೆ. ಮನೆಯ ಒಳಗೆ ಬೆಳೆದ ಹುಡುಗಿ, ಮದುವೆಯಾಗಿ ಬರುವವರೆಗೆ ತುಳು ಆಡಿದವರಲ್ಲ. ಕಡಬಕ್ಕೆ ಬಂದ ಮೇಲೆ ಪಕ್ಕದ ಮನೆಯ ಕಮಲಕ್ಕ ಎಂಬ ಹಿರಿಯ ಹೆಂಗಸಿನಿಂದ ಬೇಲಿಯ ಈಚೆ ನಿಂತು ಕಲಿತದ್ದು. ದೊಡ್ಡವರಿಂದ, ದೊಡ್ಡವರೊಂದಿಗೆ ಆಡಿ ಕಲಿತದ್ದರಿಂದ ಅವರ ತುಳು ತುಂಬ ಮರ್ಯಾದೆಯ ತುಳು. ತುಳುವಿನಲ್ಲಿ ‘ಈ’ ಎಂದರೆ ನೀನು, ‘ಈರ್’ ಎಂದರೆ ನೀವು. ಬೀಪಾತುಮ್ಮನಿಗೆ ‘ಈರ್’ ಮಾತ್ರ ಗೊತ್ತಿತ್ತು. ತನಗಿಂತ ಎಷ್ಟೋ ಚಿಕ್ಕವಳಾದ ನನಗೂ “ಬಲೆ, ಕುಲ್ಲುಲೆ” ಎಂದೇ ಹೇಳುವರು. ಬನ್ನಿ, ಕುಳಿತುಕೊಳ್ಳಿ. ಆಚೆ ತಿರುಗಿ ಮಗನನ್ನು ಬ್ಯಾರಿಯಲ್ಲಿ “ಮೋನೆ” ಎಂದು ಕರೆದರೆ ಸ್ವರವೇ ಬೇರೆ. ಬೈಗುಳ, ಮುದ್ದು, ಹಟ, ನಗು ಎಲ್ಲ ಆ ಮಾತಿನಲ್ಲಿ ಇದ್ದವು.

ಮೇ ತಿಂಗಳ ನಡುವಿನ ಒಂದು ಸೋಮವಾರ ಇಬ್ರಾಹಿಂ ತರಗತಿಗೆ ಬರಲಿಲ್ಲ. ಮರುದಿನವೂ ಇಲ್ಲ. ಸಂಜೆ ಕಡಬದ ಬಸ್ಸಿನ ಕಂಡಕ್ಟರರು ನನ್ನನ್ನು ಕಂಡು, “ಮಾಸ್ಟ್ರ ಉಮ್ಮನಿಗೆ ವಾತ ಬಡಿದಿದೆ ಟೀಚರ್. ಇಲ್ಲೇ ಆಸ್ಪತ್ರೆಗೆ ತಂದಿದ್ದಾರೆ” ಎಂದರು.

ಓಡಿದೆ. ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಬಾಯಿ ಒಂದು ಬದಿಗೆ ಎಳೆದಿತ್ತು. ಸ್ವರ ಇರಲಿಲ್ಲ. ಇಬ್ರಾಹಿಂ ಹಾಸಿಗೆಯ ಪಕ್ಕ ನಿಂತು ಮತ್ತೆ ಮತ್ತೆ “ಉಮ್ಮಾ” ಎನ್ನುತ್ತಿದ್ದರು. ತಾಯಿಯ ಕಣ್ಣು ಮಗನ ಮುಖ ಹುಡುಕುತ್ತಿತ್ತು, ಉತ್ತರ ಮಾತ್ರ ಇಲ್ಲ. ಜೀವಕ್ಕೆ ಅಪಾಯವಿಲ್ಲ, ಮಾತು ಬಂದರೂ ಬರಬಹುದು ಎಂದು ಡಾಕ್ಟರರು ಹೇಳಿದರು. ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು.

ಮಾತು ಬಂತು. ಅದು ಬಂದ ಸುದ್ದಿಯನ್ನು ಇಬ್ರಾಹಿಂ ತರಗತಿಗೆ ಬಂದು ನನಗೆ ಹೇಳುವಾಗ ಅವರ ಮುಖದಲ್ಲಿ ಸಂತೋಷ ಇರಲಿಲ್ಲ. “ಒಮ್ಮೆ ಬನ್ನಿ ಟೀಚರ್. ಎಂತ ಆಗಿದೆ ಅಂತ ನನಗೆ ಹೇಳ್ಲಿಕ್ಕೆ ಗೊತ್ತಾಗುದಿಲ್ಲ” ಎಂದರು.

ಆ ಭಾನುವಾರ ಹೋದೆ. ಬೀಪಾತುಮ್ಮನನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ನನ್ನನ್ನು ಕಂಡು, ತೊದಲಿದರೂ ಸ್ಪಷ್ಟವಾಗಿಯೇ, “ಬಲೆ, ಕುಲ್ಲುಲೆ” ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಕಣ್ಣಲ್ಲಿ ನೀರು ಬಂತು. ಆಗ ಇಬ್ರಾಹಿಂ ಹತ್ತಿರ ಬಂದು ತಮ್ಮ ಮಾತಿನಲ್ಲಿ ಏನೋ ಕೇಳಿದರು. ಅವರು ಮಗನ ಮುಖವನ್ನೇ ನೋಡಿದರು. ನೋಡಿ, ಬಹಳ ವಿನಯದಿಂದ, ತುಳುವಿನಲ್ಲಿ ಕೇಳಿದರು.

“ಈರೆನ ವನಸ್ ಆಂಡಾ?”

ನಿಮ್ಮ ಊಟ ಆಯಿತಾ ಎಂದು. ಹೆತ್ತ ಮಗನನ್ನು, ಜಗಲಿಗೆ ಬಂದ ನೆಂಟನನ್ನು ಕೇಳುವಂತೆ.

ಗುರುತು ತಪ್ಪಿದ್ದೇನೂ ಅಲ್ಲ. ಅವನು ಮಗನೆಂದು ಅವರಿಗೆ ಗೊತ್ತಿತ್ತು. ಎಡಗೈಯಿಂದ ಅವನ ಕೈ ಹಿಡಿದೇ ಕೇಳಿದ್ದರು. ಹೋದದ್ದು ಮಾತು. ಹುಟ್ಟಿನಿಂದ ಬಂದ ಮಾತು ಪೂರ್ತಿ ಅಳಿಸಿ, ಬೇಲಿಯ ಬದಿಯಲ್ಲಿ ಕಲಿತದ್ದು ಉಳಿದಿತ್ತು. ಆ ಮಾತಿನಲ್ಲಿ ಮಗನನ್ನು ಕರೆಯುವ ಅಭ್ಯಾಸವೇ ಅವರಿಗೆ ಇರಲಿಲ್ಲ. ನೀನು ಎನ್ನಲು, ಬೈಯಲು, ಮುದ್ದು ಮಾಡಲು ಕಲಿತಿರಲಿಲ್ಲ. ಜೈನಬು ಅಡಿಗೆಮನೆಯ ಬಾಗಿಲಲ್ಲಿ ತಲೆಯ ಬಟ್ಟೆ ಬಾಯಿಗೆ ಒತ್ತಿಕೊಂಡು ನಿಂತಿದ್ದಳು. “ಆಂಡ್” ಎಂದರು ಇಬ್ರಾಹಿಂ. ಆಯಿತು ಎಂದು. ಅವರು ಬೆಳಗ್ಗಿನಿಂದ ಏನೂ ತಿಂದಿರಲಿಲ್ಲ ಎಂದು ಆಮೇಲೆ ಜೈನಬು ಹೇಳಿದಳು.

ನಾನು ಪ್ರೊಫೆಸರರಿಗೆ ಈ ವಿಷಯ ಹೇಳಿದೆ. ಹೇಳದೆ ಇರುವಂತಿರಲಿಲ್ಲ. ವರದಿ ಕೊಡುವ ದಿನ ಹತ್ತಿರ ಬರುತ್ತಿತ್ತು, ಇಬ್ರಾಹಿಮರಿಗೆ ಹೆಚ್ಚಿನ ಅವಧಿ ಕೇಳಬೇಕಿತ್ತು. ಪ್ರೊಫೆಸರರು ಕೇಳುತ್ತಾ ಕೇಳುತ್ತಾ ಬೆವರು ಒರೆಸುವುದನ್ನೇ ನಿಲ್ಲಿಸಿದರು. ಮರುದಿನ ನನ್ನೊಂದಿಗೆ ಕಡಬಕ್ಕೆ ಬಂದರು.

ಜಗಲಿಯಲ್ಲಿ ಕುಳಿತು ಅವರು ಬಹಳ ಹೊತ್ತು ಸಮಾಧಾನದ ಮಾತು ಹೇಳಿದರು. ಅದರಲ್ಲಿ ಕಪಟ ಇರಲಿಲ್ಲ. ಆಮೇಲೆ ಕೇಳಿದರು.

“ಸಂಗ್ರಹ ಎಷ್ಟಾಗಿದೆ ಇಬ್ರಾಹಿಂ?”

“ಅರ್ಧ ಆಗಿರ್ಬಹುದು ಸಾರ್. ಕತೆ, ಸಂಭಾಷಣೆ ಎಲ್ಲ ಬಾಕಿ ಉಂಟು.”

“ಒಬ್ಬರ ಬಾಯಿಂದಲೇ ಪೂರ್ತಿ ಆಗ್ಬೇಕು ಅನ್ನೋದು ನಿಯಮ. ಅರ್ಧಕ್ಕೆ ಪೇಪರು ಕೊಡೋಕೆ ನನ್ನ ಕೈಲಾಗಲ್ಲ. ಆದ್ರೆ ನೋಡಿ, ಇನ್ನೊಂದು ದಾರಿ ಇದೆ. ಈಗ ನಿಮ್ಮ ತಾಯಿಗೆ ಆಗಿರೋದು ಎಲ್ಲೋ ಅಪರೂಪಕ್ಕೆ ಆಗುವಂಥದ್ದು. ಯಾವ ಮಾತು ಹೋಯ್ತು, ಯಾವುದು ಉಳೀತು, ದಿನಾ ಏನು ಬದಲಾಗ್ತಿದೆ, ಅದನ್ನ ಬರೀರಿ. ಪೇಪರು ಮಾತ್ರ ಅಲ್ಲ, ಅದಕ್ಕಿಂತ ದೊಡ್ಡದು ಆಗತ್ತೆ. ನಾನೇ ಮುಂದೆ ನಿಂತು ಅಚ್ಚು ಹಾಕಿಸ್ತೀನಿ.”

ಇಬ್ರಾಹಿಂ ನೆಲ ನೋಡುತ್ತಾ ಕುಳಿತಿದ್ದರು. “ಅದಕ್ಕೆ ದಿನಾ ಉಮ್ಮನ ಮುಂದೆ ಕೂತು ಪ್ರಶ್ನೆ ಕೇಳ್ಬೇಕಲ್ಲ ಸಾರ್? ಇದು ಎಂತ, ಅದು ಎಂತ ಅಂತ?”

“ಕೇಳ್ಬೇಕಾಗತ್ತೆ.”

“ಗೊತ್ತಿಲ್ಲದಿದ್ರೆ ಉಮ್ಮ ಅಳ್ತಾರೆ ಸಾರ್. ನಾನು ಮೊನ್ನೆ ಚಮಚ ತೋರಿಸಿ ಕೇಳಿ ನೋಡಿದೆ. ಗಲ್ಲದ ಮೇಲೆ ನೀರು ಇಳಿಯಿತು. ಅವರು ಅಳುದನ್ನು ನಾನು ಬರ್ಕೊಳ್ಳುದಾ? ಅದು ನನ್ನಿಂದ ಆಗ್ಲಿಕ್ಕಿಲ್ಲ ಸಾರ್.”

ಪ್ರೊಫೆಸರರು ನನ್ನ ಕಡೆ ಒಮ್ಮೆ ನೋಡಿದರು. ಆದರೆ ನೀವಾದರೂ ಬರೆಯುತ್ತೀರಾ ಎಂದು ಕೇಳಬೇಕೆಂದಿದ್ದುದನ್ನು ಕೇಳಲಿಲ್ಲ. ಅದಕ್ಕಾಗಿ ಈಗಲೂ ಅವರ ಮೇಲೆ ನನಗೆ ಗೌರವ ಇದೆ. ಎದ್ದು ನಿಂತು, “ಹಾಗಾದ್ರೆ ತಂಗೀನ ಕೂರಿಸಿಕೊಂಡು ಮೊದಲಿಂದ ಶುರು ಮಾಡಿ. ಹದಿನೈದು ದಿನ ಹೆಚ್ಚು ಕೊಡ್ತೀನಿ. ಅಷ್ಟೇ ನಾನು ಮಾಡಬಹುದಾದ್ದು” ಎಂದರು.

ಜೈನಬು ಸಂತೋಷದಿಂದ ಒಪ್ಪಿದಳು. ಅವಳು ಕಾಕ ಎಂದು ಕರೆಯುತ್ತಿದ್ದ ಅಣ್ಣನ ಕಾಲೇಜಿನ ಕನಸು ಅವಳದೂ ಆಗಿತ್ತು. “ಕಾಕ, ಬೇಕಾದಷ್ಟು ಕೇಳಿ, ಹೇಳ್ತೇನೆ. ಉಮ್ಮ ಹೇಳ್ತಿದ್ದ ಕತೆ ಎಲ್ಲ ನನಗೆ ಬರ್ತದೆ” ಎಂದಳು. ಮುಂದಿನ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಶುರು ಮಾಡಿದರು. ನಾನು ಒಳಗೆ ಬೀಪಾತುಮ್ಮನ ಹತ್ತಿರ ಕುಳಿತಿದ್ದೆ. ಹೊರಗೆ ಮೊದಲ ಮಳೆಗೆ ಮುಂಚಿನ ಮೋಡ ಕಟ್ಟಿ ಗಾಳಿಯೇ ಇರಲಿಲ್ಲ. ಪಡಸಾಲೆಯಲ್ಲಿ ಜೈನಬು ಕತೆ ಹೇಳತೊಡಗಿದಳು. ಹೇಳುತ್ತಾ ಹೇಳುತ್ತಾ ಅವಳಿಗೆ ತಾಯಿಯ ರಾಗವೇ ಬಂತು. ಇಬ್ರಾಹಿಂ ಎಷ್ಟೋ ದಿನಗಳ ನಂತರ ನಕ್ಕದ್ದು ಕೇಳಿಸಿತು.

ಬೀಪಾತುಮ್ಮ ತಲೆ ಎತ್ತಿದರು. ಕಿವಿಗೊಟ್ಟು ಕೇಳಿದರು. ತಮ್ಮದೇ ಕತೆ, ತಮ್ಮದೇ ಮಾತು. ಹಣೆ ನಿಧಾನವಾಗಿ ಸುಕ್ಕುಗಟ್ಟಿತು. ಎಡಗೈಯಿಂದ ನನ್ನ ಕೈ ಗಟ್ಟಿಯಾಗಿ ಹಿಡಿದರು. ಬಾಗಿಲಿನ ಕಡೆ ಮುಖ ಮಾಡಿ, ಇದ್ದಷ್ಟು ಸ್ವರ ಎತ್ತಿ ಕೂಗಿದರು.

“ನಿಕುಲು ದಾದ ಪಾತೆರೊಂದುಲ್ಲರ್? ಎಂಕ್ ಅರ್ಥ ಆಪುಜಿ.”

ನೀವು ಏನು ಮಾತಾಡುತ್ತಿದ್ದೀರಿ? ನನಗೆ ಅರ್ಥ ಆಗುವುದಿಲ್ಲ.

ಪಡಸಾಲೆಯ ಮಾತು ನಿಂತಿತು. ಇಬ್ರಾಹಿಂ ಒಳಗೆ ಬಂದರು. ತಾಯಿ ಹೆದರಿದ ಕಣ್ಣಿನಿಂದ ಅವರನ್ನು, ಜೈನಬುವನ್ನು, ನನ್ನನ್ನು ನೋಡುತ್ತಿದ್ದರು. ತನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ, ಪರದೇಶದವರ ಮನೆಯಲ್ಲಿ ತನ್ನನ್ನು ಮಲಗಿಸಿದ್ದಾರೆ ಎಂಬಂತೆ. ಇಬ್ರಾಹಿಂ ಹಾಸಿಗೆಯ ಅಂಚಿನಲ್ಲಿ ಕುಳಿತು, ತುಳುವಿನಲ್ಲಿ, ಏನೂ ಇಲ್ಲ, ಜೈನಬು ಸುಮ್ಮನೆ ಕತೆ ಹೇಳುತ್ತಿದ್ದಳು ಎಂದರು. ಹಾಗಾದರೆ ನನಗೂ ಹೇಳಿ ಎಂದು ಅವರು ಕೇಳಿದರು. ಜೈನಬು ಅದೇ ಕತೆಯನ್ನು ತನ್ನ ಹರಕು ತುಳುವಿನಲ್ಲಿ ಮೊದಲಿನಿಂದ ಹೇಳಿದಳು. ಅವರು ಮಗುವಿನಂತೆ ಕೇಳಿದರು. ಮುಗಿದಾಗ, ಚೆನ್ನಾಗಿದೆ, ಯಾರು ಹೇಳಿಕೊಟ್ಟದ್ದು ಎಂದು ವಿಚಾರಿಸಿದರು.

ಆ ಸಂಜೆ ನನ್ನನ್ನು ಬಸ್ಸಿಗೆ ಬಿಡಲು ಬಂದ ಇಬ್ರಾಹಿಂ ಬಸ್ಸು ಬರುವ ಹೊತ್ತಿಗೆ ಹೇಳಿದರು.

“ಇನ್ನು ಮನೆಯಲ್ಲಿ ಬ್ಯಾರಿ ಬೇಡ ಅಂತ ಜೈನಬುಗೆ ಹೇಳಿದೆ ಟೀಚರ್. ಉಮ್ಮನಿಗೆ ಕೇಳುವ ಹಾಗೆ ನಾವು ಮಾತಾಡುದಿಲ್ಲ. ಮನೆಯಲ್ಲಿ ಮೂರು ಜನ ಇರುದು. ಎರಡು ಜನ ಒಂದು ಮಾತು ಆಡಿದ್ರೆ ಅವರು ಒಬ್ಬರೇ ಆಗ್ತಾರೆ.”

“ವರದಿ?” ಎಂದು ನಾನು ಕೇಳಿದೆ.

“ಅದು ಹೋಯಿತು” ಎಂದರು.

ಗುಡ್ಡದ ಮೇಲೆಲ್ಲಾದರೂ, ಶಾಲೆಯಲ್ಲಾದರೂ ಜೈನಬುವನ್ನು ಕೂರಿಸಿ ಬರೆದುಕೊಳ್ಳಿ ಎಂದು ನಾನು ಹೇಳಿ ನೋಡಿದೆ. ತಾಯಿಯನ್ನು ಬಿಟ್ಟು ಅವಳು ಹೊರಗೆ ಬರುವಂತಿಲ್ಲ ಎಂದರು. ಅದೊಂದೇ ಕಾರಣವಲ್ಲ ಎಂದು ನನಗೆ ಗೊತ್ತಿತ್ತು. ಆ ಮಾತನ್ನು ತಾಯಿಯಿಂದ ಮುಚ್ಚಿಟ್ಟು ಆಡಲು ಅವರಿಗೆ ಮನಸ್ಸಾಗಲಿಲ್ಲ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ನಾನು ಅರೆಭಾಷೆಯ ವರದಿ ಕೊಟ್ಟೆ. ಮೌಖಿಕ ಪರೀಕ್ಷೆಯ ದಿನ ಮಾಡಿನ ಮೇಲೆ ಮಳೆಯ ಸದ್ದಿಗೆ ಪ್ರಶ್ನೆಗಳೇ ಸರಿಯಾಗಿ ಕೇಳಿಸುತ್ತಿರಲಿಲ್ಲ. ಪಾಸಾದೆ. ಎಂ.ಎ.ಯ ಆ ಪೇಪರು ನನಗೆ ಸಿಕ್ಕಿತು. ಇಬ್ರಾಹಿಮರ ಹೆಸರಿನ ಮುಂದೆ ‘ಹಾಜರಾತಿ ಮಾತ್ರ’ ಎಂದಿತ್ತು. ಪ್ರೊಫೆಸರರು ಅವರಿಗಾಗಿ ಮೇಲಿನವರಿಗೆ ಬರೆದು ನೋಡಿದರು. ನಿಯಮದಲ್ಲಿ ಅವಕಾಶವಿಲ್ಲವೆಂದು ಉತ್ತರ ಬಂತು. ಮರುವರ್ಷದ ತರಗತಿ ಘಟ್ಟದ ಮೇಲೆ ಎಲ್ಲೋ ನಡೆಯಿತು. ಇಬ್ರಾಹಿಂ ಅರ್ಜಿ ಹಾಕಲಿಲ್ಲ. ಕಾಲೇಜಿನ ಕೆಲಸ ಬೇರೆ ಯಾರಿಗೋ ಆಯಿತು. ಕಡಬದ ಆ ಶಾಲೆಯಲ್ಲೇ ಅವರು ನಿವೃತ್ತರಾದರು.

ಮಳೆಗಾಲದ ನಡುವೆ ಒಂದೆರಡು ಸಲ ಹೋಗಿ ಬಂದೆ. ಮನೆ ಬೇರೆಯೇ ಆಗಿತ್ತು. ಅಣ್ಣ ತಂಗಿ ಇಬ್ಬರೂ ತುಳುವನ್ನೇ ಆಡುತ್ತಿದ್ದರು, ಅದೂ ಬೀಪಾತುಮ್ಮನ ತುಳು. ಒರಟಾಗಿ, ವೇಗವಾಗಿ ಆಡಿದರೆ ಅವರಿಗೆ ಹಿಡಿಯುತ್ತಿರಲಿಲ್ಲ. ಹಾಗಾಗಿ ನಿಧಾನವಾಗಿ, ಬಿಡಿಸಿ ಬಿಡಿಸಿ, ಬನ್ನಿ, ಹೋಗಿ, ಕುಳಿತುಕೊಳ್ಳಿ ಎಂದು. ಜಗಳವಾಡುವುದಕ್ಕೆ ಆ ಮಾತು ಒದಗುತ್ತಿರಲಿಲ್ಲವೋ ಏನೋ, ಆ ಮನೆಯಲ್ಲಿ ಜಗಳವೂ ನಿಂತಿತ್ತು. ನಗುವೂ ನಿಂತಿತ್ತು. ಒಳಗೆ ಹೋದರೆ ಆಸ್ಪತ್ರೆಗೆ ಹೋದಂತೆ ಸ್ವರ ತಾನಾಗಿ ತಗ್ಗುತ್ತಿತ್ತು. ಬೀಪಾತುಮ್ಮ ಮಾತ್ರ ಸಮಾಧಾನದಿಂದ ಇದ್ದರು. ಮಗನ ಕೈ ಹಿಡಿದು, ನೀವು ಒಳ್ಳೆಯವರು ಎಂದು ಅವರಿಗೆ ಹೇಳುವುದನ್ನು ಒಮ್ಮೆ ಕೇಳಿದೆ.

ಮಳೆ ಬಿಡುವ ಹೊತ್ತಿಗೆ ಅವರು ತೀರಿಕೊಂಡರು. ಎರಡನೆಯ ಸಲ ವಾತ ಬಂದಿತ್ತು, ಈ ಸಲ ಆಸ್ಪತ್ರೆಗೆ ಹೋಗುವಷ್ಟು ಹೊತ್ತೂ ಸಿಗಲಿಲ್ಲ. ನನಗೆ ಸುದ್ದಿ ಮುಟ್ಟಿದ್ದು ತಡವಾಗಿ. ಹೋಗುವಾಗ ಮಣ್ಣು ಮಾಡಿ ಕೆಲವು ದಿನಗಳಾಗಿದ್ದವು, ನೆಂಟರಿಷ್ಟರು ಹೊರಟುಹೋಗಿದ್ದರು. ಹಾಸಿಗೆ ತೆಗೆದಿದ್ದರು. ನೆಲ ಒರೆಸಿದ್ದರೂ ಆ ಜಾಗ ಮಾತ್ರ ಬೇರೆ ಬಣ್ಣದಲ್ಲಿ ಕಾಣುತ್ತಿತ್ತು. ಇಬ್ರಾಹಿಂ ಗೋಡೆಗೆ ಒರಗಿ ಕುಳಿತಿದ್ದರು. ನಾನು ಕನ್ನಡದಲ್ಲಿ ನಾಲ್ಕು ಮಾತು ಹೇಳಿದೆ, ಅವರು ಕನ್ನಡದಲ್ಲಿ ಉತ್ತರ ಕೊಟ್ಟರು. ಕಮಲಕ್ಕ ಬಂದು ಅತ್ತು ಹೋದದ್ದನ್ನು ಹೇಳಿದರು.

ಅಡಿಗೆಮನೆಯಿಂದ ಜೈನಬು ಬಾಗಿಲಿಗೆ ಬಂದಳು. ಅಣ್ಣನನ್ನು ನೋಡಿ ಕೇಳಿದಳು.

“ಈರ್ ಚಾ ಪರ್ಪರಾ?”

ನೀವು ಚಹಾ ಕುಡಿಯುತ್ತೀರಾ ಎಂದು, ತುಳುವಿನಲ್ಲಿ. ಕೇಳಿದ ಮೇಲೆ ಅವಳಿಗೇ ತಿಳಿಯಿತು. ಇನ್ನು ಹಾಗೆ ಕೇಳಬೇಕಾಗಿರಲಿಲ್ಲ. ಕೈ ಬಾಗಿಲಿನ ಚೌಕಟ್ಟಿನ ಮೇಲೆ ನಿಂತಿತು. ಇಬ್ರಾಹಿಂ ತಲೆ ಎತ್ತಿ ತಂಗಿಯನ್ನು ನೋಡಿದರು. ತಮ್ಮ ಮಾತಿನಲ್ಲಿ ಏನೋ ಹೇಳಬೇಕೆಂದು ಅವರ ತುಟಿ ಅಲುಗಿದ್ದು ನನಗೆ ಕಾಣಿಸಿತು. ಜೈನಬು ಕಾಯುತ್ತಾ ನಿಂತಳು. ಆ ಮಾತು ಬರಲಿಲ್ಲ.

“ಪರ್ಪೆ” ಎಂದರು ಕೊನೆಗೆ, ತುಳುವಿನಲ್ಲೇ. ಕುಡಿಯುತ್ತೇನೆ ಎಂದು.

ಜೈನಬು ಒಳಗೆ ಹೋದಳು. ಚಹಾ ತಂದಳು. ಮೂವರೂ ಕುಡಿದೆವು.